ಮರುಭೂಮಿಯ ಮನೆಗೆ ಎಸಿ ಮೆಕ್ಯಾನಿಕ್: ಫೀನಿಕ್ಸ್‌ನಲ್ಲಿ ಯಾರನ್ನು ಕರೆಯಬೇಕು, ಏನು ಕೇಳಬೇಕು

ನಮ್ಮ ಮನೆ ಇರುವುದು ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ, ಫೀನಿಕ್ಸ್‌ಗೆ ಅಂಟಿಕೊಂಡ ಊರು. ಇಂಟೆಲ್ ಕಾರ್ಖಾನೆ ಇಲ್ಲಿರುವುದರಿಂದ ಕನ್ನಡದ ಮನೆಗಳೂ ಸಾಕಷ್ಟಿವೆ. ನಾವು ಕೊಂಡದ್ದು ಹಳೆಯ ಮನೆ. ಹಿತ್ತಲಲ್ಲಿ ನಿಂತಿರುವ ಎಸಿ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರೆ, ಅದರ ಒಳಮೈ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಯಾರೋ ಬರೆದ ಸಾಲುಗಳಿವೆ. 2014ರ ಏಪ್ರಿಲ್: 44.6, 5.0. ಮರುವರ್ಷ: 44.3, 5.0. ಹೀಗೇ ಒಂದೊಂದೇ ಕೂದಲೆಳೆ ಇಳಿಯುತ್ತ 2018ರ ಏಪ್ರಿಲ್‌ಗೆ 42.9, 4.8. ಅಲ್ಲಿಗೆ ಬರಹ ನಿಲ್ಲುತ್ತದೆ. ಹಿಂದಿನ ಮಾಲೀಕರು ಮನೆ ಮಾರಿದ್ದು ಆ ವರ್ಷ, ನಾವು ಬಂದದ್ದೂ ಆ ವರ್ಷ.

ಆ ಅಂಕಿಗಳ ಅರ್ಥ ನನಗೆ ತಿಳಿದದ್ದು 2023ರ ಜುಲೈನಲ್ಲಿ, ಎಸಿ ನಿಂತ ಮೇಲೆ. ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚು ಬಿಸಿಲಿತ್ತು. ನಮ್ಮ ಲೆಕ್ಕದಲ್ಲಿ 43.3 ಸೆಲ್ಸಿಯಸ್. ಮುಂದೆಯೂ ಬರೀ ಡಿಗ್ರಿ ಎಂದರೆ ಫ್ಯಾರನ್‌ಹೀಟೇ. ಅದಕ್ಕೆ ಹಿಂದಿನ ದಾಖಲೆ 1974ರ 18 ದಿನ. ಜುಲೈ 19ರಂದು ಇಡೀ ದಿನದ ಅತಿ ಕಡಿಮೆ ಉಷ್ಣತೆಯೇ 97 ಡಿಗ್ರಿ, ಅಂದರೆ 36 ಸೆಲ್ಸಿಯಸ್. ರಾಯಚೂರಿನಿಂದ ಅವ್ವ ಬಂದಿದ್ದಳು. ಎಪ್ಪತ್ತು ವರ್ಷ ರಾಯಚೂರಿನ ಬ್ಯಾಸಗಿ ಕಂಡವಳು ರಾತ್ರಿ ಹನ್ನೊಂದಕ್ಕೆ ಹಜಾರದ ಗೋಡೆಗೆ ಅಂಗೈ ಹಚ್ಚಿ, "ಹೊತ್ತು ಮುಳುಗಿ ಇಷ್ಟೊತ್ತಾತು, ಗ್ವಾಡಿ ಇನ್ನಾ ಬೆಚ್ಚಗ ಅದಾವಲ್ಲೋ ಮಗಾ" ಅಂದಳು. ಒಳಗೆ ಆಗಲೇ 93 ಡಿಗ್ರಿ. ಅವಳನ್ನು ಗೆಳೆಯರ ಮನೆಗೆ ಕರೆದೊಯ್ದು ಮಲಗಿಸಿದೆವು.

ಬೆಳಗ್ಗೆ ಐದೂವರೆಗೆ ಬಂದ ಮೆಕ್ಯಾನಿಕ್ ತಗಡು ಬಿಚ್ಚಿ, ಡಬ್ಬಿಯಂಥ ಒಂದು ಭಾಗಕ್ಕೆ ಮೀಟರ್ ಹಿಡಿದು, 31 ಎಂದು ಓದಿದ. ಆಮೇಲೆ ಟಾರ್ಚ್ ತಿರುಗಿಸಿ ತಗಡಿನ ಬರಹ ನೋಡಿದ. 2018ರ ನಂತರ ಯಾರೂ ಅಳೆದಿಲ್ಲವೇ ಎಂದು ಕೇಳಿದ. ಅಳೆದಿದ್ದಾರೆ ಎಂದೇ ನಾನು ತಿಳಿದಿದ್ದೆ. ಪ್ರತಿ ವಸಂತದಲ್ಲೂ ಕೂಪನ್ ದರದ ಟ್ಯೂನ್-ಅಪ್, ಅಂದರೆ ಬೇಸಿಗೆಗೆ ಮುಂಚಿನ ತಪಾಸಣೆ, ಮಾಡಿಸಿದ್ದೆ. ಪ್ರತಿ ಸಲವೂ ಇಪ್ಪತ್ತು ಗೆರೆಗಳ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಸರಿ ಗುರುತು ಹಾಕಿದ ಕಾಗದ ಬರುತ್ತಿತ್ತು. ಆ ಕಾಗದಗಳನ್ನು ಅವತ್ತು ಹುಡುಕಿ ತೆಗೆದು ನೋಡಿದೆ. ಒಂದರಲ್ಲೂ ಒಂದೇ ಒಂದು ಅಂಕಿ ಇರಲಿಲ್ಲ.

ಮರುಭೂಮಿಯಲ್ಲಿ ಎಸಿ ನೋಡಿಕೊಳ್ಳಲು ಕಂಟ್ರಾಕ್ಟರನ್ನು ಗೊತ್ತುಮಾಡುವಾಗ ನೀವು ಹಣ ಕೊಡುವುದು ಅಳತೆಗೆ. ತೊಳೆಯುವುದು, ಒರೆಸುವುದು, ಫಿಲ್ಟರ್ ಬದಲಿಸುವುದು ನಿಮಗೂ ಬರುತ್ತದೆ. ಅಳೆಯುವ ಸಾಧನ ಮತ್ತು ಆ ಅಳತೆಯನ್ನು ಓದುವ ವಿದ್ಯೆ ಅವರಲ್ಲಿದೆ. ಅಳೆದು ಬರೆದುಕೊಡದವರು ಎಷ್ಟು ಅಗ್ಗವಾದರೂ ದುಬಾರಿಯೇ. ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಮರುಭೂಮಿ ಈ ಯಂತ್ರಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು.

ಬಿಸಿಲಿಗೆ ಶಾಖ ಸುರಿಯುವ ಕಷ್ಟ

ಎಸಿ ತಂಪನ್ನು ತಯಾರಿಸುವುದಿಲ್ಲ. ಬಾವಿಯಿಂದ ನೀರು ಸೇದಿ ಹೊರಗೆ ಸುರಿಯುವ ಹಾಗೆ, ಮನೆಯೊಳಗಿನ ಶಾಖವನ್ನು ಸೇದಿ ಹೊರಗೆ ಸುರಿಯುತ್ತದೆ. ಇಲ್ಲಿ ಕೊಡದ ಕೆಲಸ ಮಾಡುವುದು ರೆಫ್ರಿಜರೆಂಟ್, ನಾವೆಲ್ಲ ಗ್ಯಾಸ್ ಅನ್ನುವುದು. ಒಳಗಿನ ಸುರುಳಿ ಕೊಳವೆ, ಅಂದರೆ ಕಾಯಿಲ್‌ನಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ಮನೆಯ ಗಾಳಿಯ ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡುತ್ತದೆ. ಹಿಂಡಿದಾಗ ಅದು ಇನ್ನಷ್ಟು ಬಿಸಿಯಾಗುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಫ್ಯಾನಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ.

ಕಷ್ಟ ಇರುವುದು ಹೊರಗೆ ಸುರಿಯುವಲ್ಲಿ. ಶಾಖ ತಾನಾಗಿ ಹರಿಯುವುದು ಬಿಸಿಯಿಂದ ತಣ್ಣಗಿನ ಕಡೆಗೆ. ಹಾಗಾಗಿ ಹೊರಗಿನ ಕಾಯಿಲ್‌ನಲ್ಲಿರುವ ಗ್ಯಾಸು ಹೊರಗಿನ ಗಾಳಿಗಿಂತ ಬಿಸಿಯಾಗಿರಲೇಬೇಕು, ಸುಮಾರು ಇಪ್ಪತ್ತು ಡಿಗ್ರಿಯಷ್ಟಾದರೂ. ಹೊರಗೆ 115 ಇದ್ದರೆ ಅದು 135ರ ಹತ್ತಿರ, ಅಂದರೆ 57 ಸೆಲ್ಸಿಯಸ್ ಇರಬೇಕು. ಇಷ್ಟು ದಿನ ಹೆಚ್ಚಿನ ಮನೆಗಳಲ್ಲಿ ಬಳಕೆಯಲ್ಲಿದ್ದ ಆರ್-410ಎ ಅನಿಲವನ್ನು ಆ ಬಿಸಿಗೆ ತರಲು ಚದರ ಅಂಗುಲಕ್ಕೆ 500 ಪೌಂಡಿನಷ್ಟು ಒತ್ತಡ ಬೇಕು. ಕಾರಿನ ಟೈರಿನಲ್ಲಿ ಇರುವುದು ಮೂವತ್ತು-ಮೂವತ್ತೈದು. ಈ ಒತ್ತಡಕ್ಕೆ ಎದುರಾಗಿ ಕಂಪ್ರೆಸರ್ ದಿನಕ್ಕೆ ಹದಿನಾರು-ಹದಿನೆಂಟು ಗಂಟೆ ತುಳಿಯುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಮಲಗುವ ಮುಂಚೆ ಒಂದೆರಡು ಗಂಟೆ ಓಡುವ ಸ್ಪ್ಲಿಟ್ ಎಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇನ್ನೊಂದು ಮಾತು. ಎಸಿ ಪೆಟ್ಟಿಗೆಯ ಮೇಲೆ ಬರೆದ ಟನ್ ಲೆಕ್ಕ ಹೊರಗೆ 95 ಡಿಗ್ರಿ ಇದ್ದಾಗಿನದು. ಒಂದು ಟನ್ ಎಂದರೆ ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರುವಷ್ಟು ಶಾಖ, ಗಂಟೆಗೆ 12,000 ಬಿಟಿಯು. ಮಂಜುಗಡ್ಡೆ ಮಾರುತ್ತಿದ್ದ ಕಾಲದಿಂದ ಉಳಿದುಬಂದ ಅಳತೆ ಅದು. ಹೊರಗೆ 115 ಆದಾಗ ಅದೇ ಯಂತ್ರದ ಶಕ್ತಿ ಸುಮಾರು ಶೇ. 10ರಷ್ಟು ಇಳಿಯುತ್ತದೆ, ಎಳೆಯುವ ವಿದ್ಯುತ್ ಏರುತ್ತದೆ. ಆದ್ದರಿಂದ 116 ಡಿಗ್ರಿಯ ದಿನ ಸಂಜೆ ಐದಕ್ಕೆ ಮನೆ ನೀವು ಇಟ್ಟ 78 ಬಿಟ್ಟು 81ಕ್ಕೆ ಏರಿದರೆ ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ರಾತ್ರಿ ಒಂಬತ್ತರ ಹೊತ್ತಿಗೆ ಮತ್ತೆ 78ಕ್ಕೆ ಇಳಿದರೆ ಅದು ತನ್ನ ಕೈಲಾದದ್ದು ಮಾಡುತ್ತಿದೆ. ಬೆಳಗಿನ ಜಾವದಲ್ಲೂ ಇಳಿಯದಿದ್ದರೆ ಆಗ ಫೋನ್ ಎತ್ತಿ.

ಇದರ ಮೇಲೆ ಧೂಳು. ಫೀನಿಕ್ಸ್‌ನ ಧೂಳುಗೋಡೆಗೆ ಹಬೂಬ್ ಎನ್ನುತ್ತಾರೆ. 2011ರ ಜುಲೈ 5ರಂದು ಬಂದದ್ದು ಐದಾರು ಸಾವಿರ ಅಡಿ ಎತ್ತರವಿತ್ತು, ಸುಮಾರು ನೂರು ಮೈಲಿ ಅಗಲ. ಅಷ್ಟು ದೊಡ್ಡದು ಅಪರೂಪ, ಸಣ್ಣವು ಪ್ರತಿ ಬೇಸಿಗೆಯಲ್ಲೂ ಬರುತ್ತವೆ. ಹೊರಗಿನ ಕಾಯಿಲ್‌ನ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಆ ಧೂಳು ಹೋಗಿ ಕೂರುತ್ತದೆ, ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಕೆಸರಾಗಿ ಗಟ್ಟಿಯಾಗುತ್ತದೆ. ಆಮೇಲೆ ಯಂತ್ರ ಕಂಬಳಿ ಹೊದ್ದು ಓಡುವಂತೆ ಆಗುತ್ತದೆ. ಶಾಖ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ, ಕಂಪ್ರೆಸರ್ ಎಳೆಯುವ ಕರೆಂಟ್ ಏರುತ್ತದೆ, ಮೋಟರಿನ ಸುರುಳಿ ಕಾಯುತ್ತದೆ. ಕೊನೆಗೆ ಎಲ್ಲಕ್ಕಿಂತ ಬಡಪಾಯಿ ಭಾಗ ಮೊದಲು ಸಾಯುತ್ತದೆ.

ಆ ಬಡಪಾಯಿ ಕೆಪಾಸಿಟರ್. ನಮ್ಮ ಕಡೆ ಫ್ಯಾನ್ ನಿಧಾನವಾದರೆ ಕಂಡೆನ್ಸರ್ ಹೋಗಿದೆ ಎನ್ನುತ್ತಾರಲ್ಲ, ಅದೇ. ಅಮೆರಿಕದಲ್ಲಿ ಕಂಡೆನ್ಸರ್ ಎಂದರೆ ಹೊರಗಿನ ಇಡೀ ಪೆಟ್ಟಿಗೆ. ನಾನು ಮೊದಲ ಸಲ ಫೋನಿನಲ್ಲಿ ಕಂಡೆನ್ಸರ್ ಹೋಗಿರಬಹುದು ಎಂದಾಗ ಆ ಕಡೆಯವರು ಸಾವಿರಾರು ಡಾಲರಿನ ಮಾತು ಶುರುಮಾಡಿದ್ದರು. ಈ ಪದಭೇದ ನೆನಪಿರಲಿ. ಕೆಪಾಸಿಟರ್ ಲೋಟದಷ್ಟು ಎತ್ತರದ ಲೋಹದ ಡಬ್ಬಿ, ತಲೆಯ ಮೇಲೆ ಮೂರು ತಂತಿ ಕೂರುವ ಜಾಗ. ಕಂಪ್ರೆಸರ್ ಮತ್ತು ಫ್ಯಾನಿಗೆ ತಳ್ಳು ಕೊಡುವುದು ಅದೇ. ನಮ್ಮದರ ಮೈಮೇಲೆ 45+5 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿದೆ: ಕಂಪ್ರೆಸರಿಗೆ 45, ಫ್ಯಾನಿಗೆ 5. ಶೇ. 6ರಷ್ಟು ಹೆಚ್ಚುಕಡಿಮೆ ಸರಿ ಎಂದೂ ಅದರ ಮೇಲೇ ಬರೆದಿದೆ. ಅಂದರೆ 45ರದ್ದು 42.3ಕ್ಕಿಂತ ಕೆಳಗಿಳಿದರೆ ಬದಲಿಸುವ ಕಾಲ ಬಂತು. 2018ರ 42.9 ಬಾಗಿಲಲ್ಲೇ ನಿಂತಿತ್ತು. ಮುಂದಿನ ವಸಂತದಲ್ಲಿ ಯಾರಾದರೂ ಅಳೆದಿದ್ದರೆ ಇಪ್ಪತ್ತು-ಮೂವತ್ತು ಡಾಲರಿನ ಆ ಡಬ್ಬಿ ಆಗಲೇ ಬದಲಾಗುತ್ತಿತ್ತು. ಅಳೆಯದೆ ಬಿಟ್ಟದ್ದರಿಂದ ಕಂಪ್ರೆಸರ್ ಐದು ಬೇಸಿಗೆ ಏದುಸಿರಿನಲ್ಲೇ ಓಡಿತು.

ಇದು ಬರೀ ಆರಾಮದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಫೀನಿಕ್ಸ್ ಇರುವ ಮ್ಯಾರಿಕೋಪ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿಗೆ ಸಂಬಂಧಿಸಿ ಸತ್ತವರು 645 ಮಂದಿ. ಹೆಚ್ಚಿನವರು ಹೊರಗೆ, ಬೀದಿಯಲ್ಲಿ. ಆದರೆ ಮನೆಯೊಳಗೇ ಸತ್ತವರೂ ಇದ್ದಾರೆ, ಅವರಲ್ಲಿ ಬಹುಪಾಲು ಜನರ ಮನೆಯಲ್ಲಿ ಎಸಿ ಇತ್ತು. ಅದು ಓಡುತ್ತಿರಲಿಲ್ಲ, ಅಷ್ಟೇ. ವಯಸ್ಸಾದ ಅಪ್ಪ-ಅಮ್ಮಂದಿರನ್ನು ಬೇಸಿಗೆಯಲ್ಲಿ ಕರೆಸಿಕೊಳ್ಳುವ ನಮ್ಮಂಥವರು ಇದನ್ನು ಮರೆಯುವ ಹಾಗಿಲ್ಲ.

ಲೈಸೆನ್ಸ್ ನೋಡುವ ಬಗೆ

ಅರಿಜೋನಾದಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಕೊಡುವುದು ರಿಜಿಸ್ಟ್ರಾರ್ ಆಫ್ ಕಂಟ್ರಾಕ್ಟರ್ಸ್ ಎಂಬ ರಾಜ್ಯ ಕಚೇರಿ. ಜನ ಆರ್‌ಒಸಿ ಎನ್ನುತ್ತಾರೆ. ಮನೆಗಳ ಎಸಿ ಕೆಲಸಕ್ಕೆ ಬೇಕಾದ ದರ್ಜೆ ಆರ್-39. ಮನೆ ಮತ್ತು ವಾಣಿಜ್ಯ ಕಟ್ಟಡ ಎರಡಕ್ಕೂ ಸಲ್ಲುವುದು ಸಿಆರ್-39. ಬರೀ ಸಿ-39 ಇದ್ದರೆ ಅದು ಅಂಗಡಿ, ಆಫೀಸುಗಳಿಗೆ ಮಾತ್ರ, ನಿಮ್ಮ ಮನೆಗಲ್ಲ. ವ್ಯಾನಿನ ಮೇಲೆ ನಂಬರ್ ನೋಡಿ ತೃಪ್ತರಾಗುವವರು ಇದನ್ನು ಗಮನಿಸುವುದಿಲ್ಲ. ಆರ್‌ಒಸಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ದರ್ಜೆ ಯಾವುದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ದೂರುಗಳಿವೆಯೇ ಎಲ್ಲ ಕಾಣುತ್ತದೆ. ಎರಡು ನಿಮಿಷದ ಕೆಲಸ. ಜಾಹೀರಾತಿನಲ್ಲೂ ಕರಾರಿನಲ್ಲೂ ಆ ನಂಬರ್ ಇರಲೇಬೇಕು ಎಂಬುದು ಕಾನೂನು.

ಸಾವಿರ ಡಾಲರಿಗಿಂತ ಕಡಿಮೆ ಮೊತ್ತದ, ಪರ್ಮಿಟ್ ಬೇಡದ ಚಿಲ್ಲರೆ ಕೆಲಸವನ್ನು ಲೈಸೆನ್ಸ್ ಇಲ್ಲದ ಹ್ಯಾಂಡಿಮ್ಯಾನ್ ಮಾಡಬಹುದು. ಇದನ್ನೇ ಹಿಡಿದುಕೊಂಡು ಎಸಿ ಕೆಲಸವನ್ನೂ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಆದರೆ ಗ್ಯಾಸ್ ಮುಟ್ಟಬೇಕಾದರೆ ಬೇರೆಯೇ ಅರ್ಹತೆ ಬೇಕು. ಅದು ಕೇಂದ್ರದ ಪರಿಸರ ಸಂಸ್ಥೆ ಇಪಿಎಯ 608ನೇ ಸೆಕ್ಷನ್ ಪ್ರಮಾಣಪತ್ರ. ಮನೆಯ ಎಸಿಗೆ ಟೈಪ್ 2 ಅಥವಾ ಯೂನಿವರ್ಸಲ್ ದರ್ಜೆ ಇರಬೇಕು. ಕಂಪನಿಗಲ್ಲ, ನಿಮ್ಮ ಹಿತ್ತಲಲ್ಲಿ ನಿಂತ ಆ ವ್ಯಕ್ತಿಗೇ ಇರಬೇಕು. ಕಾರ್ಡ್ ತೋರಿಸಿ ಎಂದರೆ ಒಳ್ಳೆಯ ಮೆಕ್ಯಾನಿಕ್ ಬೇಸರಪಡುವುದಿಲ್ಲ, ಪರ್ಸಿನಿಂದ ತೆಗೆದು ತೋರಿಸುತ್ತಾನೆ.

ಲೈಸೆನ್ಸ್ ಇರುವವರನ್ನೇ ಕರೆಯಬೇಕು ಎನ್ನಲು ಇನ್ನೊಂದು ಗಟ್ಟಿ ಕಾರಣವಿದೆ. ಅವರು ಕೆಲಸ ಕೆಡಿಸಿದರೆ ಎರಡು ವರ್ಷದೊಳಗೆ ಆರ್‌ಒಸಿಗೆ ದೂರು ಕೊಡಬಹುದು. ಅವರು ಸರಿಪಡಿಸದೆ ಹೋದರೆ ಮನೆಮಾಲೀಕರಿಗೆಂದೇ ಇಟ್ಟಿರುವ ಪರಿಹಾರ ನಿಧಿಯಿಂದ 30,000 ಡಾಲರಿನವರೆಗೆ ಸಿಗುವ ಅವಕಾಶವಿದೆ. ಲೈಸೆನ್ಸ್ ಇಲ್ಲದವನ ಕೈಯಲ್ಲಿ ಕೆಲಸ ಮಾಡಿಸಿದ್ದರೆ ಆ ನಿಧಿಯ ಬಾಗಿಲು ತೆರೆಯುವುದಿಲ್ಲ. ಲೈಸೆನ್ಸಿಗಾಗಿ ಕಂಟ್ರಾಕ್ಟರ್ ಇಡುವ ಜಾಮೀನು, ಅಂದರೆ ಬಾಂಡ್ ಬೇರೆ, ವಿಮೆ ಬೇರೆ ಎಂಬುದೂ ತಿಳಿದಿರಲಿ. ಫೀನಿಕ್ಸ್‌ನ ಎಷ್ಟೋ ಹಳೆಯ ಮನೆಗಳಲ್ಲಿ ಇಡೀ ಎಸಿ ಪೆಟ್ಟಿಗೆ ಮಾಳಿಗೆಯ ಮೇಲೆ ಕೂತಿರುತ್ತದೆ. ಏಣಿ ಹತ್ತುವ ಕೆಲಸವಿದ್ದ ಮೇಲೆ ವಿಮೆಯ ಪತ್ರವನ್ನು ಬೇರೆಯಾಗಿಯೇ ಕೇಳಿ ನೋಡಿ.

ಯಾವ ಅಂಕಿ ಕೇಳಬೇಕು

ಫೋನಿನಲ್ಲೇ ಕೇಳಿಬಿಡಿ: ಟ್ಯೂನ್-ಅಪ್ ಮಾಡಿದ ಮೇಲೆ ಅಳತೆಗಳನ್ನು ಬರೆದುಕೊಡುತ್ತೀರಾ, ಯಾವ ಯಾವ ಅಳತೆ? ಉತ್ತರ ಕೊಡುವವರ ದನಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಮೊದಲನೆಯದು ಗಾಳಿಯ ಉಷ್ಣತೆಯ ವ್ಯತ್ಯಾಸ. ಎಸಿ ಎಳೆದುಕೊಳ್ಳುವ ಗಾಳಿ ಎಷ್ಟು, ಬಿಡುವ ಗಾಳಿ ಎಷ್ಟು. ಇದಕ್ಕೆ ಹದಿನಾರರಿಂದ ಇಪ್ಪತ್ತೆರಡು ಡಿಗ್ರಿ ವ್ಯತ್ಯಾಸ ಸರಿ ಎಂಬ ಮಾತಿದೆ. ಆದರೆ ಮರುಭೂಮಿಯಲ್ಲಿ ಒಂದು ಸೂಕ್ಷ್ಮವಿದೆ. ಎಸಿ ಎರಡು ಕೆಲಸ ಮಾಡುತ್ತದೆ, ಗಾಳಿಯನ್ನು ತಣಿಸುತ್ತದೆ ಮತ್ತು ಅದರಲ್ಲಿನ ತೇವವನ್ನು ನೀರಾಗಿ ಹಿಂಡುತ್ತದೆ. ಮೇ, ಜೂನ್‌ನ ಒಣ ಗಾಳಿಯಲ್ಲಿ ಹಿಂಡಲು ತೇವವೇ ಇಲ್ಲ, ಶಕ್ತಿಯೆಲ್ಲ ತಣಿಸುವುದಕ್ಕೇ ಹೋಗುತ್ತದೆ. ಆಗ ವ್ಯತ್ಯಾಸ ಇಪ್ಪತ್ತು ದಾಟುವುದು ಸಹಜ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿನ ಲೆಕ್ಕದಲ್ಲಿ ಮಾನ್ಸೂನ್. ಜುಲೈ ನಡುವೆ ತೇವದ ಗಾಳಿ ಬಂದಾಗ ಅದೇ ಎಸಿ, ಏನೂ ಕೆಡದಿದ್ದರೂ, ಹದಿನಾರು-ಹದಿನೇಳು ತೋರಿಸಬಹುದು. ಆಗ ಬಂದು ಏಪ್ರಿಲ್‌ನಲ್ಲಿ 21 ಇತ್ತು, ಈಗ 17, ಗ್ಯಾಸ್ ಹಾಕಬೇಕು ಎನ್ನುವವನು ಹವಾಮಾನವನ್ನು ಮರೆತಿದ್ದಾನೆ. ಕಲಬುರಗಿ, ರಾಯಚೂರು ಕಡೆಯವರಿಗೆ ಇದು ಬೇಗ ಹೊಳೆಯುತ್ತದೆ. ನೀರು ಸುರಿದ ಕೂಲರ್ ಏಪ್ರಿಲ್‌ನಲ್ಲಿ ಎಷ್ಟು ತಂಪು, ಮೊದಲ ಮಳೆಯಾದ ಮೇಲೆ ಎಷ್ಟು ಜಿಗುಟು! ಅರಿಜೋನಾದಲ್ಲೂ ಎಸಿ ಬರುವ ಮುಂಚೆ ಮಾಳಿಗೆಗಳ ಮೇಲೆ ಅದೇ ಕೂಲರ್ ಇತ್ತು, ಕೆಲವು ಮನೆಗಳಲ್ಲಿ ಇನ್ನೂ ಇದೆ, ಇಲ್ಲೂ ಅದು ಮಾನ್ಸೂನ್ ಬಂದ ಕೂಡಲೇ ಕೈಕೊಡುತ್ತದೆ.

ಎರಡನೆಯದು ಕೆಪಾಸಿಟರ್. ಅಚ್ಚಾದ ಅಂಕಿ, ಅಳೆದ ಅಂಕಿ, ಎರಡೂ ಬೇಕು. ತಲೆ ಉಬ್ಬಿದ ಡಬ್ಬಿಯನ್ನಂತೂ ಅಳೆಯುವುದೇ ಬೇಡ, ಅದು ಹೋಗಿದೆ. ಅದರ ಜೊತೆಗೆ ಕಂಪ್ರೆಸರ್ ಎಳೆಯುವ ಆಂಪ್ಸ್, ಅಂದರೆ ಕರೆಂಟ್ ಎಷ್ಟು ಎಂಬುದು. ಪೆಟ್ಟಿಗೆಯ ನಾಮಫಲಕದಲ್ಲಿ ಆರ್‌ಎಲ್‌ಎ ಎಂದು ಒಂದು ಅಂಕಿ ಇರುತ್ತದೆ, ಪೂರ್ತಿ ಹೊರೆಯಲ್ಲಿ ಎಷ್ಟು ಆಂಪ್ಸ್ ಎಂದು ತಯಾರಕರು ಗೊತ್ತುಮಾಡಿದ್ದು. ಅಳೆದದ್ದು ಅದರ ಕೆಳಗಿರಬೇಕು. ಬಿಸಿಲು ಏರಿದಂತೆ ಇದೂ ಏರುವುದರಿಂದ ಅಳೆದಾಗ ಹೊರಗೆ ಎಷ್ಟು ಡಿಗ್ರಿ ಇತ್ತು ಎಂದು ಪಕ್ಕದಲ್ಲೇ ಬರೆಯಿಸಿ. ಅದಿಲ್ಲದೆ ಈ ವರ್ಷದ ಅಂಕಿಯನ್ನು ಹೋದ ವರ್ಷದ್ದಕ್ಕೆ ಹೋಲಿಸಲು ಬರುವುದಿಲ್ಲ.

ಮೂರನೆಯದು ಸ್ವಲ್ಪ ಕಷ್ಟದ್ದು, ಆದರೆ ಹೆಚ್ಚಿನ ಮೋಸ ನಡೆಯುವುದು ಇಲ್ಲೇ. ಅದರ ಹೆಸರು ಸಬ್‌ಕೂಲಿಂಗ್. ಹೊರಗಿನ ಕಾಯಿಲ್‌ನಲ್ಲಿ ಆವಿ ದ್ರವವಾಗುತ್ತದಲ್ಲ, ಪೂರ್ತಿ ದ್ರವವಾದ ಮೇಲೂ ಅದು ಇನ್ನು ಕೆಲವು ಡಿಗ್ರಿ ತಣಿದು ಹೊರಬೀಳಬೇಕು. ಹಾಗೆ ತಣಿದದ್ದು ಎಷ್ಟು ಎಂಬುದೇ ಈ ಅಂಕಿ. ಗ್ಯಾಸ್ ಕಡಿಮೆ ಇದ್ದರೆ ಕಾಯಿಲ್‌ನಲ್ಲಿ ದ್ರವ ನಿಲ್ಲುವಷ್ಟು ಇರುವುದಿಲ್ಲ, ಅಂಕಿ ಸೊನ್ನೆಯ ಕಡೆ ಇಳಿಯುತ್ತದೆ. ಗ್ಯಾಸ್ ಹೆಚ್ಚಾದರೆ ದ್ರವ ಹಿಂದೆ ತುಂಬಿಕೊಂಡು ಅಂಕಿ ಏರುತ್ತದೆ. ಎಷ್ಟಿರಬೇಕು ಎಂದು ತಯಾರಕರು ನಾಮಫಲಕದಲ್ಲೇ ಬರೆದಿರುತ್ತಾರೆ, ಸಾಮಾನ್ಯವಾಗಿ ಹತ್ತು ಡಿಗ್ರಿಯ ಆಸುಪಾಸು. ಬರೀ ಒತ್ತಡದ ಗೇಜ್ ತೋರಿಸಿ ಕಡಿಮೆ ಇದೆ ನೋಡಿ ಎಂದರೆ ಸಾಲದು. ಒತ್ತಡ ಹೊರಗಿನ ಬಿಸಿಲಿಗೆ ತಕ್ಕ ಹಾಗೆ ಬದಲಾಗುತ್ತದೆ. ಪೈಪಿನ ಉಷ್ಣತೆಯನ್ನೂ ಅಳೆದು ಸಬ್‌ಕೂಲಿಂಗ್ ಎಷ್ಟು, ಫಲಕದಲ್ಲಿ ಎಷ್ಟು ಎಂದು ಬರೆದುಕೊಟ್ಟರೆ ಮಾತ್ರ ಗ್ಯಾಸಿನ ಮಾತಿಗೆ ಆಧಾರ.

ಗ್ಯಾಸಿನ ವಿಷಯದಲ್ಲಿ ಊರಿನಲ್ಲೂ ಇಲ್ಲಿಯೂ ಒಂದೇ ತಪ್ಪು ತಿಳಿವಳಿಕೆ. ಪ್ರತಿ ಬೇಸಿಗೆಗೂ ಸ್ವಲ್ಪ ಗ್ಯಾಸ್ ಹಾಕಿಸಬೇಕು ಎಂದು ಬೆಂಗಳೂರಿನಲ್ಲೂ ಹೇಳುತ್ತಾರೆ, ಫೀನಿಕ್ಸ್‌ನಲ್ಲೂ ಹೇಳುತ್ತಾರೆ. ಕಾರಿನ ಪೆಟ್ರೋಲಿನಂತೆ ಅದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ, ಯಂತ್ರದ ಆಯುಸ್ಸಿನುದ್ದಕ್ಕೂ ಅದೇ ಗ್ಯಾಸ್ ಸಾಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ವರ್ಷ ವರ್ಷ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಅದಕ್ಕೆ ಕೊಡುವ ಬೆಲೆಯೂ ಏರುತ್ತಲೇ ಇದೆ. ಹಳೆಯ ಆರ್-22 ಅನಿಲದ ತಯಾರಿಕೆ, ಆಮದು ಅಮೆರಿಕದಲ್ಲಿ 2020ರ ಜನವರಿಯಿಂದ ನಿಂತಿದೆ. ಇರುವುದು ಹಳೆಯ ದಾಸ್ತಾನು, ಹಳೆಯ ಯಂತ್ರಗಳಿಂದ ತೆಗೆದು ಶುದ್ಧಮಾಡಿದ್ದು ಮಾತ್ರ. 2025ರಿಂದ ಆರ್-410ಎ ತುಂಬುವ ಹೊಸ ಮನೆ-ಎಸಿಗಳ ತಯಾರಿಕೆಯೂ ನಿಂತು, ಆರ್-454ಬಿ, ಆರ್-32 ಬಂದಿವೆ. ಇವು ಭೂಮಿಯನ್ನು ಕಾಯಿಸುವುದು ಕಡಿಮೆ, ಆದರೆ ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣವಿದೆ. ಹೊಸ ಎಸಿ ಹಾಕಿಸಿಕೊಂಡವರು, ಈ ಅನಿಲಗಳ ತರಬೇತಿ ಆಗಿದೆಯೇ ಎಂದು ಕೇಳುವುದು ನ್ಯಾಯ. ಆರ್-410ಎ ಯಂತ್ರ ಇರುವವರು ಹೆದರಿ ಬದಲಿಸಬೇಕಿಲ್ಲ. ರಿಪೇರಿಗೆ ಆ ಗ್ಯಾಸ್ ಸಿಗುತ್ತದೆ, ಮುಂದೆಯೂ ಬಹಳ ಕಾಲ ಸಿಗುತ್ತದೆ. ಹಳೆಯ ಗ್ಯಾಸ್ ನಿಷೇಧವಾಗಿದೆ, ಇವತ್ತೇ ಹೊಸದು ಹಾಕಿಸಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಅಗ್ಗದ ಟ್ಯೂನ್-ಅಪ್, ದುಬಾರಿ ಸಲಹೆ

ಲೈಸೆನ್ಸ್ ಇರುವ ಒಬ್ಬ ಮೆಕ್ಯಾನಿಕ್ ವ್ಯಾನ್ ಹತ್ತಿ ನಿಮ್ಮ ಮನೆಗೆ ಬಂದು, ಒಂದೂವರೆ ಗಂಟೆ ಕೆಲಸ ಮಾಡಿ, 29 ಡಾಲರ್ ತೆಗೆದುಕೊಂಡು ಹೋಗುವುದು ಯಾರಿಗೂ ಗಿಟ್ಟುವ ವ್ಯಾಪಾರವಲ್ಲ. ಅಷ್ಟು ಅಗ್ಗಕ್ಕೆ ಬರುವವರು ಬೇರೇನೋ ಮಾರಲು ಬರುತ್ತಾರೆ. ನನಗೆ ಕೂಪನ್ ಕಳಿಸುತ್ತಿದ್ದ ಕಂಪನಿಯವನು 2023ರ ಆ ರಾತ್ರಿ ಮೊದಲು ಬಂದಿದ್ದ. ಹತ್ತು ನಿಮಿಷ ನೋಡಿ, ಕಂಪ್ರೆಸರ್ ಸತ್ತಿದೆ, ಇಡೀ ಯಂತ್ರ ಬದಲಿಸಬೇಕು, ಹದಿನಾಲ್ಕು ಸಾವಿರ ಡಾಲರ್, ಈಗಲೇ ಸಹಿ ಹಾಕಿದರೆ ನಾಳಿದ್ದು ಕೂರಿಸುತ್ತೇವೆ ಎಂದ. ಮೀಟರ್ ಕೈಗೆ ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಕೆಪಾಸಿಟರ್ ಸೋತಾಗ ಕಂಪ್ರೆಸರ್ ಹಮ್ ಎಂದು ಗುನುಗಿ ಹೊರಳದೆ ನಿಲ್ಲುತ್ತದೆ. ಸತ್ತ ಕಂಪ್ರೆಸರೂ ಹೊರಗಿನಿಂದ ಹಾಗೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ಮೀಟರ್ ಒಂದೇ. ಮರುದಿನ ಬೆಳಗ್ಗೆ ಬಂದವನ ಬಿಲ್ಲು 240 ಡಾಲರ್ ಆಯಿತು, ಅದೇ ಕಂಪ್ರೆಸರ್ ಈಗಲೂ ಓಡುತ್ತಿದೆ.

ಅಂದಿನಿಂದ ನಾನು ಕೇಳುವ ಇನ್ನೊಂದು ಪ್ರಶ್ನೆ, ನಿಮ್ಮ ಮೆಕ್ಯಾನಿಕ್‌ಗಳಿಗೆ ಮಾರಿದ್ದರ ಮೇಲೆ ಕಮಿಷನ್ ಇದೆಯೇ ಎಂಬುದು. ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಬೇಕು. ಯಂತ್ರ ಬದಲಿಸಿ ಎಂಬ ಸಲಹೆ ಬಂದಾಗ, ಯಾವ ಅಳತೆಯ ಆಧಾರದ ಮೇಲೆ ಎಂದು ಬರೆಸಿಕೊಂಡು ಇನ್ನೊಬ್ಬರನ್ನು ಕರೆಯಿರಿ. ಆ ಎರಡು ದಿನ ಗೆಳೆಯರ ಮನೆಯಲ್ಲೋ ಹೋಟೆಲಿನಲ್ಲೋ ಕಳೆದರೂ ನಷ್ಟವಿಲ್ಲ. ನಿಜವಾಗಿಯೂ ಬದಲಿಸುವುದಾದರೆ ಹಳೆಯದಕ್ಕಿಂತ ಒಂದು ಟನ್ ದೊಡ್ಡದು ಹಾಕಿಸಿಕೊಳ್ಳಿ ಎಂಬ ಉದಾರ ಸಲಹೆಗೆ ಒಪ್ಪಬೇಡಿ. ಮನೆಯ ಕಿಟಕಿ, ದಿಕ್ಕು, ಗೋಡೆ, ಅಟ್ಟದ ಇನ್ಸುಲೇಷನ್ ಎಲ್ಲ ಹಿಡಿದು ಎಷ್ಟು ಟನ್ ಬೇಕು ಎಂದು ಕಂಡುಹಿಡಿಯುವ ಮ್ಯಾನ್ಯುಯಲ್ ಜೆ ಎಂಬ ಲೆಕ್ಕವಿದೆ. ಅದನ್ನು ಮಾಡದೆ ಟನ್ ಹೇಳುವವರು ಅಂದಾಜಿನಲ್ಲಿ ಹೇಳುತ್ತಿದ್ದಾರೆ. ಎಷ್ಟೋ ಸಲ ತಪ್ಪು ಇರುವುದು ತಣ್ಣನೆ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಡಕ್ಟ್‌ಗಳಲ್ಲಿ. ಬೇಸಿಗೆಯ ಅಟ್ಟ 140 ಡಿಗ್ರಿ ದಾಟಿರುತ್ತದೆ, ಅಲ್ಲಿ ಹಾದುಹೋಗುವ ಡಕ್ಟ್‌ನ ಒಂದು ಕೀಲು ಕಳಚಿದ್ದರೆ ತಣ್ಣನೆ ಗಾಳಿ ಅಟ್ಟಕ್ಕೆ ಹೋಗುತ್ತದೆ, ಅಟ್ಟದ ಬಿಸಿಗಾಳಿ ಮನೆಗೆ ಬರುತ್ತದೆ. ಯಂತ್ರ ಎಷ್ಟು ದೊಡ್ಡದಾದರೇನು.

ವಾರ್ಷಿಕ ಕರಾರು ಮಾಡಿಕೊಳ್ಳುವುದಾದರೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಭೇಟಿ, ವಸಂತದಲ್ಲಿ ಒಂದು, ಶರತ್ಕಾಲದಲ್ಲಿ ಒಂದು. ಇಲ್ಲಿ ಎಷ್ಟೋ ಮನೆಗಳಲ್ಲಿರುವುದು ಹೀಟ್ ಪಂಪ್, ಅದೇ ಯಂತ್ರ ಚಳಿಗಾಲದಲ್ಲಿ ತಿರುಗುಮುರುಗಾಗಿ ಓಡಿ ಮನೆ ಬೆಚ್ಚಗಿಡುತ್ತದೆ, ಹಾಗಾಗಿ ಎರಡು ಭೇಟಿಗೂ ಅರ್ಥವಿದೆ. ಕರಾರಿನ ಬೆಲೆಗಿಂತ ನಾನು ನೋಡುವುದು ಒಂದೇ ಸಾಲು: ಜುಲೈನಲ್ಲಿ ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತಾರೆ. ಆದಷ್ಟು ಬೇಗ ಎಂದು ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ, ಗಂಟೆಗಳ ಅಂಕಿ ಇರಬೇಕು. ಮನೆಯ ಯಂತ್ರಗಳು ಕೆಟ್ಟರೆ ತಾವೇ ರಿಪೇರಿಯವರನ್ನು ಕಳಿಸುವ ಹೋಮ್ ವಾರಂಟಿ ಇದೆ, ಅದೇ ಸಾಕು ಎನ್ನುವವರೂ ಇದೇ ಸಾಲನ್ನು ಹುಡುಕಿ ನೋಡಲಿ. ಅಲ್ಲಿ ಯಾರನ್ನು ಕಳಿಸಬೇಕು ಎಂಬ ಆಯ್ಕೆ ನಿಮ್ಮದಾಗಿರುವುದಿಲ್ಲ. ಯಂತ್ರದ ಮೂಲ ವಾರಂಟಿ ಉಳಿಯಲು ಸರ್ವಿಸ್ ಮಾಡಿಸಿದ ದಾಖಲೆ ಕೇಳುವ ತಯಾರಕರಿದ್ದಾರೆ, ಆ ಕಾಗದಗಳನ್ನು ಎಸೆಯಬೇಡಿ.

ಮೊದಲ ಭೇಟಿ ಮಾರ್ಚ್ ಕೊನೆಯೊಳಗೆ ಆಗಲಿ. ಮೇ ಬಂತೆಂದರೆ ಊರಿನ ಎಲ್ಲ ಮೆಕ್ಯಾನಿಕ್‌ಗಳೂ ಕೆಟ್ಟ ಎಸಿಗಳ ಹಿಂದೆ ಓಡುತ್ತಿರುತ್ತಾರೆ, ನಿಮ್ಮ ಓಡುವ ಎಸಿಗೆ ಅರ್ಧ ಗಂಟೆ ಕೊಡುವುದೂ ಅವರಿಗೆ ಹೊರೆ. ನಡುವೆ ನಿಮ್ಮ ಕೈಕೆಲಸ ಇಷ್ಟು: ಒಂದು ಅಂಗುಲದ ಫಿಲ್ಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಹಬೂಬ್ ಬಂದ ಮರುದಿನ ಒಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡುವುದು. ಕರೆಂಟ್ ಆರಿಸಿ ಹೊರಗಿನ ಕಾಯಿಲ್ ಮೇಲೆ ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡುವುದು. ಕಾರು ತೊಳೆಯುವ ಪ್ರೆಷರ್ ಮೆಷಿನ್ ಮಾತ್ರ ಬೇಡ, ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಬಾಡಿಗೆ ಮನೆಯಲ್ಲಿರುವವರಿಗೆ ಕಂಟ್ರಾಕ್ಟರನ್ನು ಗೊತ್ತುಮಾಡುವ ಹೊರೆ ಇಲ್ಲ, ಹಕ್ಕು ಇದೆ. ಫೀನಿಕ್ಸ್ ನಗರದ ನಿಯಮದಂತೆ ಬಾಡಿಗೆ ಮನೆಯ ಎಸಿ ಒಳಗನ್ನು 82 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡುವಂತಿರಬೇಕು, ಕೂಲರ್ ಆದರೆ 86. ಹೊಸದಾಗಿ ಬಂದ ಹುಡುಗರು ಇದು ಗೊತ್ತಿಲ್ಲದೆ ಫ್ಯಾನ್ ಕೊಂಡು ಸುಮ್ಮನಿರುವುದನ್ನು ನೋಡಿದ್ದೇನೆ. ಥರ್ಮಾಮೀಟರಿನ ಫೋಟೋ ತೆಗೆದು, ದಿನಾಂಕ ಹಾಕಿ, ಮನೆಯ ಮಾಲೀಕರಿಗೆ ಬರಹದಲ್ಲೇ ತಿಳಿಸಿ.

ಕೆಪಾಸಿಟರ್ ಹಾಕಿದ ಆ ಮೆಕ್ಯಾನಿಕನನ್ನೇ ನಾನು ಈಗಲೂ ಕರೆಯುವುದು. ಹೊಸ ಡಬ್ಬಿಯ ತಂತಿ ಕೂರಿಸಿ, ಸಬ್‌ಕೂಲಿಂಗ್ ನೋಡಿ, ತಗಡು ಮುಚ್ಚುವ ಮುಂಚೆ ಅವನು ಜೇಬಿನಿಂದ ಮಾರ್ಕರ್ ತೆಗೆದು 2018ರ ಸಾಲಿನ ಕೆಳಗೆ ಬರೆದ: 7/2023, ಹೊರಗೆ 96, 45.2, 5.1, ಸಬ್‌ಕೂಲಿಂಗ್ 9. ಅವ್ವ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದು ಮತ್ತೆ ಗೋಡೆ ಮುಟ್ಟಿ ನೋಡಿದಳು.